ಬಿತ್ತಿದ್ದು ನಾಳೆಯೇ ಬೆಳೆಯುವುದಿಲ್ಲ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಸಂಡೇ ಸ್ಕೂಲಿನಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ‘ಬಿತ್ತುವುದು, ಕೊಯ್ಯುವುದು’ ಪಾಠ ಮಾಡಬೇಕು. ಸಿಗುವುದು 40 ನಿಮಿಷ. ಹೋದ ಸಲ ಬೀಜ ನೆಡಿಸಿದ್ದೆ, ಅರ್ಧಕ್ಕರ್ಧ ಮೊಳೆಯಲೇ ಇಲ್ಲ. ಎಲ್ಲಿ ತಪ್ಪಿದ್ದೇನೆ?

ಉತ್ತರ: ಒಂದೇ ಭಾನುವಾರದಲ್ಲಿ ಮುಗಿಸಲು ಹೊರಟದ್ದೇ ಮೊದಲ ತಪ್ಪಿರಬಹುದು. ಬೈಬಲಿನಲ್ಲಿ ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದ 7ನೇ ವಚನ ಬಿತ್ತಿದ್ದನ್ನೇ ಕೊಯ್ಯುವುದನ್ನು ಹೇಳುತ್ತದೆ. 9ನೇ ವಚನ ಬೇಸರಪಡದೆ ಕಾಯುವುದನ್ನು. ಕಾಯುವ ಪಾಠವನ್ನು ಕಾಯಿಸದೆ ಕಲಿಸಲಾಗದು. ಮೂರು ವಾರಕ್ಕೆ ಹರಡಿ. ಮೊದಲ ವಾರ ಬಿತ್ತನೆ ಮತ್ತು 7ನೇ ವಚನ, ಎರಡನೇ ವಾರ ಮೊಳಕೆ ನೋಡುವುದು, ಮೂರನೇ ವಾರ 9ನೇ ವಚನ.

ಪ್ರತಿ ಮಗುವಿಗೂ ಒಂದೇ ಲೋಟದಲ್ಲಿ ಎರಡು ಬಗೆಯ ಬೀಜ ಹಾಕಿಸಿ: ಒಂದು ಬದಿಗೆ ಹೆಸರುಕಾಳು, ಇನ್ನೊಂದು ಬದಿಗೆ ಸಾಸಿವೆ. ಮಣ್ಣು ಒಂದೇ, ನೀರು ಒಂದೇ, ಬಿಸಿಲೂ ಒಂದೇ. ಆದರೂ ಹೆಸರುಕಾಳು ಹಾಕಿದ ಬದಿಯಲ್ಲಿ ಸಾಸಿವೆ ಬರುವುದಿಲ್ಲ. ಎರಡನೇ ವಾರ ಎಲೆಗಳನ್ನು ಪಕ್ಕಪಕ್ಕದಲ್ಲಿ ನೋಡಿದ ಮಗುವಿಗೆ ವಚನವನ್ನು ಬಿಡಿಸಿ ಹೇಳುವ ಕೆಲಸ ಉಳಿಯುವುದಿಲ್ಲ.

ಹೆಸರುಕಾಳನ್ನು ಹಿಂದಿನ ರಾತ್ರಿ ಎಂಟು ಗಂಟೆ ನೆನೆಸಿಡಿ, ಸಾಸಿವೆಗೆ ಬೇಕಿಲ್ಲ. ಕಾಗದದ ಲೋಟದ ತಳಕ್ಕೆ ಮೊಳೆಯಿಂದ ಮೂರು ತೂತು ಮಾಡಿ, ಅಂಚಿನಿಂದ ಒಂದು ಬೆರಳು ಕೆಳಗಿನವರೆಗೆ ಸಡಿಲ ಮಣ್ಣು ತುಂಬಿ. ಹೆಸರುಕಾಳು ಒಂದು ಸೆಂಟಿಮೀಟರ್ ಆಳಕ್ಕೆ, ಸಾಸಿವೆ ಅದರ ಅರ್ಧಕ್ಕೆ. ಬದಿಗೆ ಮೂರು ಬೀಜ ಇರಲಿ, ಒಂದನ್ನೇ ನಂಬಬೇಡಿ. ಬೆಚ್ಚಗಿನ ಜಾಗದಲ್ಲಿ ಹೆಸರು ಎರಡು-ಮೂರು ದಿನಕ್ಕೆ ಬೇರು ಬಿಡುತ್ತದೆ, ಸಾಸಿವೆ ಐದು ದಿನದೊಳಗೆ ತಲೆಯೆತ್ತುತ್ತದೆ. ಕೊತ್ತಂಬರಿ ಬೇಡ. ಅದು ಎರಡು ವಾರ ಹಿಡಿಯಬಹುದು, ಅಷ್ಟರಲ್ಲಿ ಮಕ್ಕಳು ಲೋಟವನ್ನೇ ಮರೆತಿರುತ್ತಾರೆ.

ಇನ್ನು ಮೊಳೆಯದಿರುವುದಕ್ಕೆ ಕಾರಣ. ಹೆಚ್ಚಿನ ಪಾಲು ನೀರು. ಪ್ರೀತಿ ಹೆಚ್ಚಾದ ಮಗು ದಿನಕ್ಕೆ ನಾಲ್ಕು ಸಲ ಸುರಿಯುತ್ತದೆ. ಬೀಜಕ್ಕೆ ಗಾಳಿ ಸಿಗದೆ ಕೊಳೆಯುತ್ತದೆ. ದಿನಕ್ಕೊಮ್ಮೆ ಮಣ್ಣನ್ನು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ಎರಡು ಚಮಚ. ಎರಡನೆಯದು, ‘ಬಂತಾ?’ ಎಂದು ಕೆದಕುವುದು. ಅದಕ್ಕೆ ಗಾಜಿನ ಲೋಟದ ಒಳಮೈಗೆ ಒದ್ದೆ ಕಾಗದ ಅಂಟಿಸಿ, ನಡುವೆ ಕಾಳು ಸಿಕ್ಕಿಸಿ ತರಗತಿಯಲ್ಲಿಡಿ. ಬೇರು ಕಣ್ಣಿಗೆ ಕಾಣುತ್ತದೆ, ಕೆದಕುವ ಕೈ ಸುಮ್ಮನಾಗುತ್ತದೆ. ಮೂರನೆಯದು, ಹಳೆಯ ಬೀಜ. ಒಂದು ವಾರ ಮೊದಲೇ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೂರು ದಿನಕ್ಕೆ ಎಂಟಾದರೂ ಮೊಳೆಯದಿದ್ದರೆ ಬೇರೆ ಬೀಜ ತನ್ನಿ. ಒಡೆದ ಬೇಳೆಯಂತೂ ಮೊಳೆಯುವುದಿಲ್ಲ.

ನಾಲ್ಕೈದು ಲೋಟ ನೀವೂ ಬಿತ್ತಿಡಿ. ಮೊಳೆಯದ ಮಗುವಿನ ಲೋಟವನ್ನು ಕದ್ದು ಬದಲಾಯಿಸಬೇಡಿ, ಮಕ್ಕಳಿಗೆ ಗೊತ್ತಾಗುತ್ತದೆ. ‘ಇದು ನಾನು ಬಿತ್ತಿದ್ದು, ನಿನಗೆ ಕೊಡುತ್ತಿದ್ದೇನೆ’ ಎಂದೇ ಹೇಳಿ ಕೊಡಿ. ತಾವು ದುಡಿಯದಿದ್ದ ಬೆಳೆಯನ್ನು ಕೊಯ್ಯುವವರ ಬಗ್ಗೆ ಯೇಸು ಹೇಳಿದ್ದು ಯೋಹಾನ 4:38ರಲ್ಲಿದೆ. ಕೃಪೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಪ್ರಶ್ನೆ: ಇದೇ ಪಾಠಕ್ಕೆ ಯೇಸು ಹೇಳಿದ ಬಿತ್ತುವವನ ಸಾಮ್ಯವನ್ನೂ (ದೃಷ್ಟಾಂತ ಕಥೆಯನ್ನೂ) ಸೇರಿಸಬಹುದೇ?

ಉತ್ತರ: ಬೇಡ. ಮಾರ್ಕ 4ರ ಆ ಸಾಮ್ಯದಲ್ಲಿ ಬೀಜವೆಂದರೆ ದೇವರ ವಾಕ್ಯ, ನೆಲವೆಂದರೆ ಕೇಳುವವರು. ಗಲಾತ್ಯದಲ್ಲಿ ಬಿತ್ತುವುದು ನಮ್ಮ ನಡತೆ. ಒಂದೇ ದಿನ ಎರಡನ್ನೂ ಹೇಳಿದರೆ ಎಂಟು ವರ್ಷದ ಮಗುವಿಗೆ ತಾನು ಬೀಜವೋ, ನೆಲವೋ, ರೈತನೋ ತಿಳಿಯುವುದಿಲ್ಲ. ಬೇಕಿದ್ದರೆ ಮಾರ್ಕ 4:26ರಿಂದ 29ರವರೆಗಿನ ಪುಟ್ಟ ಸಾಮ್ಯ ಓದಿ: ರೈತ ಮಲಗಿ ಏಳುತ್ತಾನೆ, ಬೀಜ ಹೇಗೆ ಬೆಳೆಯಿತೆಂಬುದು ಅವನಿಗೇ ಗೊತ್ತಿಲ್ಲ. ಕಾಯುವ ವಾರಕ್ಕೆ ಅದು ಸರಿ.

ಪ್ರಶ್ನೆ: ಪಾಠ ಮುಗಿದ ಮೇಲೆ ಒಬ್ಬ ಹುಡುಗ, ‘ಹಾಗಾದರೆ ನಮ್ಮಜ್ಜಿಗೆ ಕಾಯಿಲೆ ಬಂದಿದೆಯಲ್ಲ, ಅವರು ಏನು ಬಿತ್ತಿದ್ದರು?’ ಎಂದ. ನನಗೆ ಮಾತೇ ಹೊರಡಲಿಲ್ಲ.

ಉತ್ತರ: ಈ ಪ್ರಶ್ನೆ ಬರುತ್ತದೆಂದು ತಿಳಿದೇ ಪಾಠ ಸಿದ್ಧ ಮಾಡಿಕೊಳ್ಳಬೇಕು. ‘ಮಾಡಿದ್ದುಣ್ಣೋ ಮಹರಾಯ’ ನಮ್ಮ ನಾಲಿಗೆಯ ಮೇಲೇ ಇರುವುದರಿಂದ ವಚನವೂ ಅದೇ ಧಾಟಿಯಲ್ಲಿ ಬಾಯಿಗೆ ಬಂದುಬಿಡುತ್ತದೆ. ಬಿತ್ತಿದ್ದಕ್ಕೆ ಫಲವಿದೆ ಎಂಬ ಮಾತನ್ನು ತಿರುಗಿಸಿ, ನೋವು ಕಂಡಲ್ಲೆಲ್ಲ ಯಾರೋ ಕೆಟ್ಟದ್ದು ಬಿತ್ತಿದ್ದರು ಎನ್ನಲಾಗದು. ಬೈಬಲಿನಲ್ಲಿ ತಪ್ಪಿಲ್ಲದೆ ನರಳಿದ ಯೋಬನ ಸ್ನೇಹಿತರು ಮಾಡಿದ್ದು ಇದನ್ನೇ. ದುಷ್ಟತನ ಬಿತ್ತಿದವರು ಅದನ್ನೇ ಕೊಯ್ಯುತ್ತಾರೆಂದು ಅವರಲ್ಲೊಬ್ಬನಾದ ಎಲೀಫಜನೂ ಹೇಳುತ್ತಾನೆ (ಯೋಬ 4:8). ಕೊನೆಗೆ ದೇವರ ಕೋಪ ಬಿದ್ದದ್ದು ಅವನ ಮೇಲೆ ಮತ್ತು ಅವನ ಇಬ್ಬರು ಗೆಳೆಯರ ಮೇಲೆ (42:7).

ಮಗುವಿಗೆ ಇಷ್ಟುದ್ದ ಬೇಡ. ಯೋಹಾನ 9ರ ಹುಟ್ಟುಕುರುಡನ ಕಥೆ ತೆಗೆಯಿರಿ. ‘ಪಾಪ ಮಾಡಿದ್ದು ಇವನೋ, ಇವನ ತಂದೆತಾಯಿಯೋ?’ ಎಂದು ಶಿಷ್ಯರು ಕೇಳಿದರು. ಯೇಸು ಎರಡನ್ನೂ ಅಲ್ಲ ಎಂದರು. ‘ಅಜ್ಜಿಗೆ ಕಾಯಿಲೆ ಬಂದದ್ದು ಅವರ ತಪ್ಪಿಗಲ್ಲ’ ಎಂದು ನೇರವಾಗಿ ಹೇಳಿ, ಅಲ್ಲೇ ಅವನೊಡನೆ ಅಜ್ಜಿಗಾಗಿ ಪ್ರಾರ್ಥಿಸಿ. ಮನೆಯವರಿಗೂ ಒಂದು ಮಾತು: ಮಗು ಎಡವಿ ಬಿದ್ದಾಗ ‘ಬಿತ್ತಿದ್ದನ್ನು ಕೊಯ್ದೆ ನೋಡು’ ಎಂದು ವಚನವನ್ನು ಬೆತ್ತ ಮಾಡಬೇಡಿ. ಒಮ್ಮೆ ಹಾಗಾದರೆ ಮಗು ಆ ವಚನವನ್ನು ಮತ್ತೆ ಪ್ರೀತಿಯಿಂದ ಕೇಳುವುದು ಕಷ್ಟ.

ಪ್ರಶ್ನೆ: ಕಾಣಿಕೆ ಡಬ್ಬಿಗೆ ಒಂದು ನಾಣ್ಯ ಹಾಕಿದರೆ ದೇವರು ಹತ್ತು ಕೊಡುತ್ತಾರೆಂದು ಹೇಳಿಕೊಡುವುದು ಸರಿಯೇ?

ಉತ್ತರ: ಸರಿಯಲ್ಲ. ಹಾಗೆ ಹೇಳಿಕೊಡುವವರು ಆಧಾರ ಮಾಡಿಕೊಳ್ಳುವುದು 2 ಕೊರಿಂಥ 9:6ನ್ನು. ಆದರೆ ಅಲ್ಲಿ ಪೌಲ ಬರೆಯುತ್ತಿರುವುದು ಕಷ್ಟದಲ್ಲಿದ್ದ ವಿಶ್ವಾಸಿಗಳಿಗಾಗಿ ಹಣ ಕೂಡಿಸುವ ಬಗ್ಗೆ, ಮರುವಚನದಲ್ಲೇ ಸಂತೋಷದಿಂದ ಕೊಡುವವನ ಮಾತಿದೆ. ಹತ್ತು ನಾಣ್ಯಕ್ಕೆ ಕಾದ ಮಗು ಮುಂದಿನ ವಾರ ಬಂದು ಲೆಕ್ಕ ಕೇಳುತ್ತದೆ, ಕೇಳಬೇಕಾದ್ದೂ ಹೌದು. ನಾಣ್ಯದ ಬದಲು ಬಲಿತ ಬೀನ್ಸ್ ಕಾಯೊಂದನ್ನು ಬಿಡಿಸಿ ಒಳಗಿನ ಐದಾರು ಬೀಜ ಎಣಿಸಲು ಹೇಳಿ. ಒಂದನ್ನು ಅವರೇ ಇಟ್ಟುಕೊಳ್ಳಲಿ, ಉಳಿದವನ್ನು ಇನ್ನೂ ಲೋಟ ಸಿಗದ ಮಕ್ಕಳಿಗೆ ಹಂಚಲಿ.