ಬೈಕಿನಿಂದ ಬಿದ್ದ ತಮ್ಮನ ರಕ್ತದಲ್ಲಿ ಸಿಕೆ, ಎಸ್‌ಜಿಒಟಿ ಎಂಬ ಎರಡೂ ಕಿಣ್ವಗಳು ಏರಿವೆ. ಲಿವರ್‌ಗೆ ಪೆಟ್ಟಾಗಿದೆಯೇ?

ಸಿಲ್ಕ್ ಬೋರ್ಡ್ ಹತ್ತಿರ ಬಿದ್ದು ತೊಡೆ ಜಜ್ಜಿದೆ ಅಂದಿದ್ದೀರಿ. ಹಾಗಿದ್ದರೆ ನನ್ನ ಮೊದಲ ಅನುಮಾನ ಸ್ನಾಯುವಿನ ಮೇಲೆ. ಸಿಕೆ ಮುಖ್ಯವಾಗಿ ಸ್ನಾಯುವಿನ ಕಿಣ್ವ. ಎಸ್‌ಜಿಒಟಿಯೂ ಲಿವರ್‌ನ ಸ್ವಂತ ಆಸ್ತಿಯೇನಲ್ಲ. ಸ್ನಾಯು ಜಜ್ಜಿದಾಗ ಸಿಕೆ ಜೊತೆ ಅದೂ ರಕ್ತಕ್ಕೆ ಸೋರುತ್ತದೆ. ಹೊಟ್ಟೆಗೂ ಪೆಟ್ಟು ಬಿದ್ದಿದ್ದರೆ ಮಾತು ಬೇರೆ, ಸ್ಕ್ಯಾನ್ ಬೇಕಾಗಬಹುದು. ಸಿಕೆ ಸಾಮಾನ್ಯವಾಗಿ 1ರಿಂದ 3 ದಿನದಲ್ಲಿ ತುದಿ ಮುಟ್ಟಿ, ಆಮೇಲೆ ದಿನಕ್ಕೆ ಸುಮಾರು ಶೇ. 40ರಷ್ಟು ಇಳಿಯಬೇಕು. ಒಂದೇ ರಿಪೋರ್ಟ್ ಹಿಡಿದು ಕೂರಬೇಡಿ, ಮರುದಿನದ್ದನ್ನೂ ಪಕ್ಕಕ್ಕಿಟ್ಟು ನೋಡಿ. ಸಿಕೆ 5,000 ದಾಟಿದರೆ ಕಿಡ್ನಿಗೆ ಅಪಾಯ ಹೆಚ್ಚು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ರಿಪೋರ್ಟ್‌ನಲ್ಲಿ ಸಿಆರ್‌ಪಿಯೂ ಇದ್ದರೆ, ಅದು (ಕಿಣ್ವವಲ್ಲ, ಲಿವರ್ ತಯಾರಿಸುವ ಪ್ರೋಟೀನು) ಉರಿಯೂತದ ಅಳತೆ. ಪೆಟ್ಟಾದ ಮೇಲೆ ಸುಮಾರು 2 ದಿನ ಏರಿ ಇಳಿಯುತ್ತದೆ. ಇಳಿದದ್ದು ಮತ್ತೆ ಏರಿದರೆ ಡಾಕ್ಟರು ಸೋಂಕು ಹುಡುಕುತ್ತಾರೆ.