ಕ್ಲೀನ್ ಇಲ್ಲದಿದ್ದರೆ ಉಳಿದವರು ಇರುತ್ತಿದ್ದರಾ?

ಧಾರವಾಡದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ನ್ಯೂಜಿಲೆಂಡಿನ 'ದ ಕ್ಲೀನ್' ಬ್ಯಾಂಡ್ ಬಗ್ಗೆ ಬರೆದಿದ್ದೀರಿ. ಅವರ ರೆಕಾರ್ಡ್ ತಂದ ಫ್ಲೈಯಿಂಗ್ ನನ್ ಕಂಪನಿ ಡುನೆಡಿನ್‌ನದು ಎಂದಿದ್ದೀರಿ. ಅದು ಕ್ರೈಸ್ಟ್‌ಚರ್ಚ್‌ನದಲ್ವಾ? ಇನ್ನು, ಆ ಕಂಪನಿಯ ಉಳಿದ ಬ್ಯಾಂಡ್‌ಗಳನ್ನು ಒಂದೇ ಸಾಲಿನಲ್ಲಿ ಮುಗಿಸಿ, ಎಲ್ಲ ಒಂದೇ ಥರ ಎಂದುಬಿಟ್ಟಿದ್ದೀರಿ. ಕ್ಲೀನ್ ಇಲ್ಲದಿದ್ದರೆ ಅವರೆಲ್ಲ ಇರುತ್ತಿದ್ದರಾ, ಇಲ್ಲವಾ? ಅದನ್ನಾದರೂ ಹೇಳಿ."

ಸಂಪಾದಕರ ಉತ್ತರ:

ಊರಿನ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ತಪ್ಪು ನಮ್ಮದು. ರೋಜರ್ ಶೆಫರ್ಡ್ ಕ್ರೈಸ್ಟ್‌ಚರ್ಚ್‌ನ ರೆಕಾರ್ಡ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದವರು. 1981ರಲ್ಲಿ ಅಲ್ಲೇ ಕಂಪನಿ ಶುರು ಮಾಡಿದರು. ನಮಗೆ ಕ್ರಿಕೆಟ್‌ನಿಂದ ಗೊತ್ತಿರುವ ಡುನೆಡಿನ್ ಅಲ್ಲಿಂದ ದಕ್ಷಿಣಕ್ಕೆ ಸುಮಾರು 360 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಗಳೂರಿನಷ್ಟು ದೂರ. ದೊಡ್ಡ ಕಂಪನಿಗಳು ಇನ್ನೂ ದೂರ, ಉತ್ತರ ದ್ವೀಪದಲ್ಲಿ. ಚಳಿಯ ವಿದ್ಯಾರ್ಥಿ ಊರಿನ ಹುಡುಗರನ್ನು ಹುಡುಕಿಕೊಂಡು ಅಲ್ಲಿಂದ ಯಾರು ಬರಬೇಕು?

ಕ್ಲೀನ್ ಹುಟ್ಟಿದ್ದು 1978ರಲ್ಲಿ, ಡುನೆಡಿನ್‌ನಲ್ಲಿ. ಹ್ಯಾಮಿಶ್ ಮತ್ತು ಡೇವಿಡ್ ಕಿಲ್ಗೋರ್ ಅಣ್ಣತಮ್ಮಂದಿರು. ಹ್ಯಾಮಿಶ್ ಡ್ರಮ್, ಡೇವಿಡ್ ಗಿಟಾರ್. ಬೇಸ್ ಗಿಟಾರಿಗೆ ರಾಬರ್ಟ್ ಸ್ಕಾಟ್ ಆಮೇಲೆ ಬಂದರು. ಆಗ ಊರಲ್ಲಿ ಸದ್ದು ಮಾಡುತ್ತಿದ್ದದ್ದು ಕ್ರಿಸ್ ನಾಕ್ಸ್ ಹಾಡುತ್ತಿದ್ದ 'ದ ಎನಿಮಿ' ಎಂಬ ಪಂಕ್ ಬ್ಯಾಂಡ್. ಈ ನಾಕ್ಸ್ ಅವರ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

ಫ್ಲೈಯಿಂಗ್ ನನ್ ತಂದ ಎರಡನೇ ರೆಕಾರ್ಡೇ ಕ್ಲೀನ್‌ನ 'ಟ್ಯಾಲಿ ಹೋ!' ರೆಕಾರ್ಡಿಂಗ್‌ಗೆ ಖರ್ಚಾಗಿದ್ದು 50 ಡಾಲರ್ ಎಂದು ಹೇಳುತ್ತಾರೆ. ಅದು ದೇಶದ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ 19ನೇ ಸ್ಥಾನಕ್ಕೆ ಹೋಯಿತು! ಆ ಹಾಡನ್ನು ಒಮ್ಮೆ ಗಮನಕೊಟ್ಟು ಕೇಳಿ. ಗಿಟಾರಿಗಿಂತ ಮೊದಲು ಕಿವಿಗೆ ಬೀಳುವುದು ಒಂದು ಚಿಕ್ಕ, ಕೀರಲು ಆರ್ಗನ್. ಮೂರ್ನಾಲ್ಕು ಸ್ವರ, ಅಷ್ಟೇ. ಬಿಟ್ಟೂಬಿಡದೆ ತಿರುಗಿ ತಿರುಗಿ ಬರುತ್ತದೆ. ಅದನ್ನು ನುಡಿಸಿದವರು ಕ್ಲೀನ್‌ನವರಲ್ಲ. 'ದ ಚಿಲ್ಸ್' ಬ್ಯಾಂಡ್ ಕಟ್ಟಿದ ಮಾರ್ಟಿನ್ ಫಿಲಿಪ್ಸ್. ಅಂದರೆ ಕ್ಲೀನ್‌ನ ಮೊದಲ ರೆಕಾರ್ಡಿನಲ್ಲೇ ಪಕ್ಕದ ಬ್ಯಾಂಡಿನವರು ಕೂತಿದ್ದಾರೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ.

ಅದೇ ವರ್ಷ, 1981ರಲ್ಲೇ, ಕ್ಲೀನ್‌ನ ಮುಂದಿನ ಚಿಕ್ಕ ರೆಕಾರ್ಡ್ 'ಬೂಡಲ್ ಬೂಡಲ್ ಬೂಡಲ್' ಬಂತು. ಸ್ಟುಡಿಯೊ ಬೇಡ ಎಂದು ಆಕ್ಲೆಂಡಿನಲ್ಲಿ ನಾಕ್ಸ್ ಅವರ ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ಮಾಡಿದ್ದು. ರೆಕಾರ್ಡಿಂಗ್‌ಗೆ ನಾಕ್ಸ್ ಜೊತೆಗಿದ್ದವರು ಡಗ್ ಹುಡ್. ಅದು ಮೊದಲ ಹತ್ತರೊಳಗೆ ಬಂತು, ತಿಂಗಳುಗಟ್ಟಲೆ ಪಟ್ಟಿಯಲ್ಲಿ ಉಳಿಯಿತು. ಕಂಪನಿಗೆ ಉಸಿರು ಬಂದದ್ದು ಈ ಎರಡು ರೆಕಾರ್ಡ್‌ಗಳಿಂದ.

1982ರಲ್ಲಿ ಅದೇ ಯಂತ್ರದ ಮೇಲೆ 'ಡುನೆಡಿನ್ ಡಬಲ್' ತಯಾರಾಯಿತು. ಎರಡು ರೆಕಾರ್ಡ್, ನಾಲ್ಕು ಬ್ಯಾಂಡ್, ಒಂದೊಂದಕ್ಕೆ ಒಂದೊಂದು ಬದಿ. ಚಿಲ್ಸ್, ಸ್ನೀಕಿ ಫೀಲಿಂಗ್ಸ್, ವರ್ಲೇನ್ಸ್, ಮತ್ತೆ ಸ್ಟೋನ್ಸ್ (ಲಂಡನ್ನಿನ ರೋಲಿಂಗ್ ಸ್ಟೋನ್ಸ್ ಅಲ್ಲ, ಇವರೇ ಬೇರೆ). ಎಲ್ಲ ಒಂದೇ ಥರ ಎನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ ಅಂತ ನನಗನ್ನಿಸುತ್ತದೆ. ಒಂದೇ ಯಂತ್ರದ ಮಸುಕು ನಾಲ್ಕೂ ಬ್ಯಾಂಡ್‌ಗಳ ಮೇಲೆ ಕೂತಿದೆ. ಅದನ್ನೇ ಜನ 'ಡುನೆಡಿನ್ ಸೌಂಡ್' ಎಂದರು. ನಾವೂ ಅದನ್ನೇ ಸುಮ್ನೆ ಬರೆದುಬಿಟ್ಟೆವು.

ಒಳಗೆ ಹೋದರೆ ಎಷ್ಟು ಬೇರೆ! ವರ್ಲೇನ್ಸ್‌ನ ಗ್ರೇಮ್ ಡೌನ್ಸ್ ಮುಂದೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಚನಕಾರ ಮಾಲರ್ ಅವರ ಸಂಗೀತದ ಮೇಲೆ ಪಿಎಚ್‌ಡಿ ಮಾಡಿ, ಡುನೆಡಿನ್‌ನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸಿದವರು. ಅವರ ಹಾಡುಗಳು ಮಧ್ಯದಲ್ಲಿ ಲಯ ಬದಲಿಸಿ ಬೇರೆ ದಾರಿ ಹಿಡಿಯುತ್ತವೆ. 'ಲುಕ್ ಬ್ಲೂ ಗೋ ಪರ್ಪಲ್' ಐದು ಜನ ಹೆಂಗಸರ ಬ್ಯಾಂಡ್, ಅಲ್ಲಿ ಕೊಳಲೂ ಕೇಳುತ್ತದೆ. ಅದರ ಡ್ರಮ್ಮರ್ ಲೆಸ್ಲಿ ಪ್ಯಾರಿಸ್ ಆಮೇಲೆ ಫ್ಲೈಯಿಂಗ್ ನನ್ ಕಂಪನಿಯನ್ನೇ ನಡೆಸಿದರು.

ಚಿಲ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವರ ಡ್ರಮ್ಮರ್ ಮಾರ್ಟಿನ್ ಬುಲ್ 1983ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅವರು ನುಡಿಸಿದ್ದ 'ಪಿಂಕ್ ಫ್ರಾಸ್ಟ್' ಹೊರಬಂದದ್ದು ಮರುವರ್ಷ. ಅಷ್ಟೊಂದು ತಣ್ಣನೆಯ, ಮೆಲ್ಲಗೆ ನಡುಗುವ ರಾಕ್ ಹಾಡನ್ನು ನಾನು ಬೇರೆ ಕೇಳಿಲ್ಲ. ಬುಲ್ ತಮ್ಮ ಚರ್ಮದ ಜಾಕೆಟ್ಟನ್ನು ಫಿಲಿಪ್ಸ್ ಅವರಿಗೆ ಬಿಟ್ಟುಹೋಗಿದ್ದರು. 1986ರಲ್ಲಿ ಫಿಲಿಪ್ಸ್ ಆ ಜಾಕೆಟ್ ಮೇಲೇ ಒಂದು ಹಾಡು ಮಾಡಿದರು. ಅದು ಅಳುವ ಹಾಡಲ್ಲ, ಗಟ್ಟಿಯಾಗಿ ಕುಣಿಸುವ ಹಾಡು.

ಈಗ ನಿಮ್ಮ ಪ್ರಶ್ನೆ. ಕ್ಲೀನ್ ಇಲ್ಲದಿದ್ದರೂ ಇವರೆಲ್ಲ ಹಾಡುತ್ತಿದ್ದರು. ಆದರೆ ರೆಕಾರ್ಡ್ ಇಷ್ಟು ಬೇಗ ಬರುತ್ತಿರಲಿಲ್ಲ. ಅಗ್ಗದಲ್ಲಿ ಮಾಡಿದ್ದನ್ನೂ ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂದು ಮೊದಲು ತೋರಿಸಿದವರು ಕ್ಲೀನ್. ಆಶ್ಚರ್ಯ ಏನೆಂದರೆ, 1982ರಲ್ಲಿ ಕ್ಲೀನ್ ಒಡೆದೇಹೋಯಿತು. ಸ್ಕಾಟ್ 'ದ ಬ್ಯಾಟ್ಸ್' ಕಟ್ಟಿದರು. ಕಿಲ್ಗೋರ್ ಅಣ್ಣತಮ್ಮಂದಿರು ಬೇರೆ ಹೆಸರಿನಲ್ಲಿ ನುಡಿಸಿದರು. ಕ್ಲೀನ್ ಮತ್ತೆ ಸೇರಿ ಮೊದಲ ಪೂರ್ತಿ ಆಲ್ಬಂ 'ವೆಹಿಕಲ್' ತರುವಷ್ಟರಲ್ಲಿ 1990. ಅಷ್ಟು ವರ್ಷ ಕಂಪನಿಯನ್ನು ಹೊತ್ತವರು ನಾವು ಒಂದೇ ಸಾಲಿನಲ್ಲಿ ಮುಗಿಸಿದ ಆ ಬ್ಯಾಂಡ್‌ಗಳೇ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಹ್ಯಾಮಿಶ್ 2022ರಲ್ಲಿ ಹೋದರು. ಫಿಲಿಪ್ಸ್ 2024ರಲ್ಲಿ. ಮೊನ್ನೆ ನಿಮ್ಮ ಪತ್ರ ಓದಿದ ಮೇಲೆ 'ಟ್ಯಾಲಿ ಹೋ!' ಮತ್ತೆ ಹಾಕಿದೆ. ಒಬ್ಬರ ಡ್ರಮ್, ಇನ್ನೊಬ್ಬರ ಆರ್ಗನ್. ಮುಗಿದ ಕೂಡಲೇ ಮತ್ತೊಮ್ಮೆ ಹಾಕಿದೆ.