ಸ್ಪ್ರಿಂಗ್ ಬ್ರೇಕ್‌ನಲ್ಲಿ ಫ್ಲೋರಿಡಾದಿಂದ ಕ್ರೂಸ್: ಊರಿಂದ ಬಂದ ಅಪ್ಪ ಅಮ್ಮ, ಮಕ್ಕಳ ಜೊತೆ ಹೋಗಬಹುದೇ? ಹೇಗಿರುತ್ತದೆ?

ಹೋಗಬಹುದು. ಆದರೆ ನೀವು ಹೆದರಿರುವುದು ಬೇರೆ ಯಾರಿಗೋ. ಕುಡಿದು ಕೂಗಾಡುವ ಕಾಲೇಜು ಹುಡುಗರ ಮಧ್ಯೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೇಗೆ ಇರುವುದು ಎಂದು ಕೇಳಿದ್ದೀರಿ. ಸ್ಪ್ರಿಂಗ್ ಬ್ರೇಕ್‌ನಲ್ಲಿ, ಅಂದರೆ ಮಾರ್ಚ್-ಏಪ್ರಿಲ್‌ನ ಸ್ಕೂಲು ಕಾಲೇಜು ರಜೆಯಲ್ಲಿ, ಹಡಗಿನ ತುಂಬ ಇರುವುದು ಕಾಲೇಜು ಹುಡುಗರಲ್ಲ, ಸ್ಕೂಲ್ ಮಕ್ಕಳು. ಅವರ ಹಿಂದೆ ಟವೆಲ್ ಹಿಡಿದು ಓಡುವ ಅಪ್ಪಂದಿರು, ಐಸ್‌ಕ್ರೀಮ್ ಮೆಷಿನ್ ಮುಂದೆ ಮುಗಿಯದ ಸಾಲು, ಎಲ್ಲ ಬಟನ್ ಒತ್ತಿ ಬಿಟ್ಟಿರುವ ಲಿಫ್ಟ್. ನಾನು ಟೆಕ್ಸಸ್‌ನ ಹ್ಯೂಸ್ಟನ್ ಕಡೆಯವನು, ಹತ್ತಿರದ ಗಾಲ್ವೆಸ್ಟನ್ ಬಂದರಿನಿಂದಲೂ ಫ್ಲೋರಿಡಾದಿಂದಲೂ ಈ ಸೀಸನ್‌ನಲ್ಲೇ ಹೋಗಿದ್ದೇನೆ, ಏಕೆಂದರೆ ಮಕ್ಕಳ ರಜೆ ಬಿಟ್ಟರೆ ನಮಗೂ ಬೇರೆ ಗತಿಯಿಲ್ಲ.

ಕಾಲೇಜಿನವರು ಯಾಕೆ ಕಡಿಮೆ ಅಂದರೆ, ಅಮೆರಿಕದ ಬಂದರಿನಿಂದ ಹೊರಡುವಾಗ ರಾಯಲ್ ಕೆರಿಬಿಯನ್, ಕಾರ್ನಿವಲ್, ನಾರ್ವೇಜಿಯನ್‌ನಂಥ ದೊಡ್ಡ ಕಂಪನಿಗಳು ಕ್ಯಾಬಿನ್‌ನಲ್ಲಿ ಒಬ್ಬರಿಗಾದರೂ 21 ತುಂಬಿರಬೇಕು ಅನ್ನುತ್ತವೆ. ಹಡಗಿನಲ್ಲಿ ಮದ್ಯಕ್ಕೂ 21ರ ಮಿತಿಯೇ. ಹತ್ತೊಂಬತ್ತು ಇಪ್ಪತ್ತರ ಹುಡುಗರು ಸುಮ್ಮನೆ ಕಾನ್‌ಕೂನ್‌ಗೆ ವಿಮಾನ ಹತ್ತುತ್ತಾರೆ, ಮೆಕ್ಸಿಕೊದಲ್ಲಿ 18ಕ್ಕೇ ಕುಡಿಯಬಹುದು. ಹಾಗಂತ ಹಡಗಿನಲ್ಲಿ ಪಾರ್ಟಿ ಗುಂಪು ಇರುವುದೇ ಇಲ್ಲ ಅಂತಲ್ಲ. ಮಯಾಮಿ, ಪೋರ್ಟ್ ಕ್ಯಾನವೆರಲ್‌ನಿಂದ ಬಹಾಮಾಸ್‌ಗೆ ಹೋಗಿಬರುವ ಮೂರು ನಾಲ್ಕು ರಾತ್ರಿಯ ಅಗ್ಗದ ಟ್ರಿಪ್‌ಗಳಲ್ಲಿ, ಅದರಲ್ಲೂ ಶುಕ್ರವಾರ ಹೊರಟು ಸೋಮವಾರ ಬರುವಂಥವುಗಳಲ್ಲಿ, ಮಾರ್ಚ್ ಮೊದಲ ಮೂರು ವಾರ ಅವರ ಹಾವಳಿ ಇದ್ದೇ ಇರುತ್ತದೆ. ಏಳು ರಾತ್ರಿಯದು ತೆಗೆದುಕೊಂಡರೆ ಆ ಗುಂಪು ತಾನಾಗಿ ಕರಗುತ್ತದೆ. ನೀವು ಬೇರೇನೂ ಮಾಡಬೇಕಾಗಿಲ್ಲ.

ಇನ್ನು ದಿನಾಂಕ. ಇಲ್ಲಿ ನಿಮಗೆ ಒಂದು ಅನುಕೂಲ ಇದೆ. ನಮ್ಮ ಟೆಕ್ಸಸ್‌ನಲ್ಲಿ ರಜೆ ಮಾರ್ಚ್ ಮಧ್ಯಕ್ಕೆ, ಬಹಳಷ್ಟು ಕಾಲೇಜುಗಳದ್ದೂ ಆಗಲೇ. ನೀವಿರುವ ಅಟ್ಲಾಂಟಾ ಸುತ್ತಲಿನ ಸ್ಕೂಲುಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಮೊದಲ ವಾರ. ಅಷ್ಟು ಹೊತ್ತಿಗೆ ಕಾಲೇಜಿನವರು ವಾಪಸ್ ಹೋಗಿರುತ್ತಾರೆ. ಆದರೆ ಈಸ್ಟರ್ ಯಾವಾಗ ಬೀಳುತ್ತದೆ ನೋಡಿಕೊಳ್ಳಿ, ಏಕೆಂದರೆ ಆ ವಾರ ಎಲ್ಲಾ ರಾಜ್ಯದವರೂ ಒಟ್ಟಿಗೆ ಹೊರಡುತ್ತಾರೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ. (ಊರಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಹಾಲ್ ಟಿಕೆಟ್ ಹಿಡಿದು ನಿಲ್ಲುವ ಹೊತ್ತಿಗೆ ಮೊಮ್ಮಕ್ಕಳು ಸ್ವಿಮಿಂಗ್ ಪೂಲ್‌ನಲ್ಲಿರುವುದು ನಿಮ್ಮ ಅಪ್ಪನಿಗೆ ಅರಗುವುದು ಸ್ವಲ್ಪ ಕಷ್ಟ. ನನ್ನ ಮಾವ ಮೂರು ದಿನ ಅದನ್ನೇ ಹೇಳಿದರು.)

ಈಗ ನಿಜವಾಗಿ ಮುಖ್ಯವಾದದ್ದಕ್ಕೆ ಬರುತ್ತೇನೆ. ನಿಮ್ಮ ಪಾಸ್‌ಪೋರ್ಟ್‌ನಲ್ಲಿರುವ ಎಚ್-1ಬಿ (ಕೆಲಸದ ವೀಸಾ) ಸ್ಟ್ಯಾಂಪ್ ಅವಧಿ ಮುಗಿದಿದೆ, ಇಲ್ಲಿರಲು ಅನುಮತಿ ಕೊಟ್ಟ ಐ-797 ಪತ್ರ ಇದೆ, ಹಡಗು ಹೊರಡುವುದೂ ಬರುವುದೂ ಅಮೆರಿಕಕ್ಕೇ ಅಲ್ಲವೇ, ಏನು ತೊಂದರೆ ಅಂತ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ತೊಂದರೆ ಇದೆ. ಇಂಥ ಹಡಗಿನಲ್ಲಿ ಪಾಸ್‌ಪೋರ್ಟ್ ಇಲ್ಲದೆ ಜನನ ಪ್ರಮಾಣಪತ್ರ ತೋರಿಸಿ ಹೋಗಿಬರುವ ಸೌಲಭ್ಯ ಅಮೆರಿಕನ್ ಪ್ರಜೆಗಳಿಗೆ. ಅಂದರೆ ಇಲ್ಲೇ ಹುಟ್ಟಿದ ನಿಮ್ಮ ಮಕ್ಕಳಿಗೆ ಅದು ಸಾಕು, ನಿಮಗಲ್ಲ. ನೀವು ಬಹಾಮಾಸ್‌ನ ನಾಸೋದಲ್ಲಿ ನೆಲಕ್ಕೆ ಕಾಲಿಡದೆ ಹಡಗಿನಲ್ಲೇ ಕೂತಿದ್ದರೂ ವಾಪಸ್ ಬರುವಾಗ ಹೊಸದಾಗಿ ಅಮೆರಿಕ ಪ್ರವೇಶಿಸಿದ ಲೆಕ್ಕವೇ. ಮುಗಿದ ಸ್ಟ್ಯಾಂಪ್‌ನಲ್ಲೂ ಬರಲು 'ಆಟೋಮ್ಯಾಟಿಕ್ ವೀಸಾ ರಿವ್ಯಾಲಿಡೇಷನ್' ಎಂಬ ನಿಯಮ ಇದೆ, ನಿಜ. ಆದರೆ ಎಚ್-1ಬಿಯವರಿಗೆ ಅದು ಕೆನಡಾ, ಮೆಕ್ಸಿಕೊಗೆ 30 ದಿನದೊಳಗೆ ಹೋಗಿಬರುವುದಕ್ಕೆ ಮಾತ್ರ. ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಕ್ಯೂಬಾ ಬಿಟ್ಟು ಅಕ್ಕಪಕ್ಕದ ದ್ವೀಪಗಳೂ ಸೇರುತ್ತವೆ. ಅದನ್ನು ಯಾರೋ ಎಫ್-1 ಸ್ನೇಹಿತರಿಂದ ಕೇಳಿ ಎಚ್-1ಬಿಯವರು ಬಹಾಮಾಸ್ ಬುಕ್ ಮಾಡುವುದು ಇಲ್ಲಿ ನಮ್ಮವರಲ್ಲಿ ನಡೆಯುತ್ತಲೇ ಇರುತ್ತದೆ.

ಮೆಕ್ಸಿಕೊ ಮಾತ್ರ ಇರುವ ಟ್ರಿಪ್ ಹಿಡಿಯಬಹುದಲ್ಲ ಅಂತ ನಿಮಗೆ ಈಗ ಅನ್ನಿಸಿರುತ್ತದೆ. ಕೊಸುಮೆಲ್, ಕೋಸ್ಟಾ ಮಾಯಾ, ಪ್ರೊಗ್ರೆಸೊ ಇಷ್ಟನ್ನೇ ಮುಟ್ಟುವ ಹಡಗುಗಳು ಗಾಲ್ವೆಸ್ಟನ್‌ನಿಂದ ಹೊರಡುತ್ತವೆ. ಆದರೆ ಗಾಳಿ ಜೋರಾಗಿದ್ದರೆ ಕ್ಯಾಪ್ಟನ್ ಒಂದು ಬಂದರು ಬಿಟ್ಟು ಇನ್ನೊಂದಕ್ಕೆ ಹೋಗಬಹುದು, ಆ ಅಧಿಕಾರ ಟಿಕೆಟ್ ಒಪ್ಪಂದದಲ್ಲೇ ಇದೆ. ಆ ಇನ್ನೊಂದು ಬೇರೆ ದೇಶದ್ದಾದರೆ ನಿಮ್ಮ ಲೆಕ್ಕ ತಲೆಕೆಳಗು. ಅದೂ ಅಲ್ಲದೆ ಬಂದರಿನ ಚೆಕ್-ಇನ್ ಕೌಂಟರ್‌ನಲ್ಲಿ ಕೂತವರಿಗೆ ಈ ನಿಯಮ ಗೊತ್ತಿರಬೇಕು. ಕಾಗದಪತ್ರ ಸರಿಯಿಲ್ಲ ಎಂದು ಅವರು ಹತ್ತಿಸದಿದ್ದರೆ ದುಡ್ಡು ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ವಕೀಲರನ್ನು ಕೇಳಿ, ಕ್ರೂಸ್ ಕಂಪನಿಯಿಂದ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ, ಆಮೇಲೆ ಬುಕ್ ಮಾಡಿ. ಕ್ಯಾಬಿನ್, ಬಾಲ್ಕನಿ ಚರ್ಚೆ ಎಲ್ಲ ಅದಾದ ಮೇಲೆ. ನಿಮ್ಮ ಅಪ್ಪ ಅಮ್ಮನದು ಹತ್ತು ವರ್ಷದ ಮಲ್ಟಿಪಲ್ ಎಂಟ್ರಿ ವಿಸಿಟರ್ ವೀಸಾ ಆದರೆ ವಾಪಸ್ ಬರುವುದಕ್ಕೆ ಅವರ ಸ್ಥಿತಿ ನಿಮಗಿಂತ ಚೆನ್ನಾಗಿದೆ. ಹಡಗು ನಿಲ್ಲುವ ದೇಶಗಳಿಗೆ ಭಾರತೀಯ ಪಾಸ್‌ಪೋರ್ಟ್‌ನವರಿಗೆ ಏನು ಬೇಕು ಎಂಬುದನ್ನೂ ಅದೇ ಇಮೇಲ್‌ನಲ್ಲಿ ಕೇಳಿಬಿಡಿ. ಕ್ರೂಸ್ ಮಾಡಿಬಂದರೆ ಅವರಿಗೆ ಅಮೆರಿಕದಲ್ಲಿರಲು ಇನ್ನೊಂದು ಆರು ತಿಂಗಳು ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅವರಿಬ್ಬರಿಗೂ ಪ್ರಯಾಣದ ವಿಮೆ ಮಾಡಿಸಿ. ಅಮೆರಿಕಕ್ಕೆಂದು ಮಾಡಿಸಿದ ವಿಸಿಟರ್ ಇನ್ಶೂರೆನ್ಸ್ ಸಮುದ್ರದ ಮಧ್ಯೆ ನಡೆಯುತ್ತದೆಯೇ ಎಂದು ಪಾಲಿಸಿ ತೆಗೆದು ಓದಿ. ಹಡಗಿನ ಡಾಕ್ಟರ್ ಬಿಲ್ಲು ನಿಮ್ಮ ರೂಮಿನ ಖಾತೆಗೇ ಬರುತ್ತದೆ, ಹೆಲಿಕಾಪ್ಟರ್ ಬೇಕಾದರಂತೂ ಕೇಳಲೇಬೇಡಿ.

ಜನ ಎಷ್ಟಿರುತ್ತಾರೆ? ಕಂಪನಿಗಳು ಹಡಗಿನ ಸಾಮರ್ಥ್ಯವನ್ನು ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕುತ್ತವೆ. 2024ರ ಜನವರಿಯಲ್ಲಿ ಮಯಾಮಿಯಿಂದ ಓಡಾಟ ಶುರು ಮಾಡಿದ 'ಐಕಾನ್ ಆಫ್ ದ ಸೀಸ್'ಗೆ ಆ ಲೆಕ್ಕದಲ್ಲಿ 5,610 ಜನ; ಸೋಫಾ ಬೆಡ್, ಗೋಡೆಯಿಂದ ಇಳಿಯುವ ಮಂಚ ಎಲ್ಲ ತುಂಬಿದರೆ 7,600. ಜನವರಿಯಲ್ಲಿ ನಿವೃತ್ತ ದಂಪತಿಗಳು ಹೋಗುವಾಗ ಮೊದಲ ಸಂಖ್ಯೆಯ ಆಸುಪಾಸು ಇರುತ್ತದೆ. ಸ್ಪ್ರಿಂಗ್ ಬ್ರೇಕ್‌ನಲ್ಲಿ ಪ್ರತಿ ಕ್ಯಾಬಿನ್‌ಗೂ ಇಬ್ಬರು ಮಕ್ಕಳು ಸೇರಿ ಎರಡನೆಯದರ ಕಡೆಗೆ ಏರುತ್ತದೆ. ಅದೇ ಹಡಗು, ಅದೇ ಪೂಲು, ಅದೇ ಲಿಫ್ಟು.

ಇದಕ್ಕೆ ಪರಿಹಾರ ಒಂದೇ: ಊರೆಲ್ಲ ಒಂದು ಗಂಟೆಗೆ ಊಟಕ್ಕೆ ಹೋದರೆ ನೀವು ಹನ್ನೆರಡಕ್ಕೆ ಹೋಗುವುದು. ಬೆಳಿಗ್ಗೆ ಬೇಗ ಏಳುವ ನಮ್ಮ ಹಿರಿಯರು ಇಲ್ಲಿ ನಿಜಕ್ಕೂ ಆಸ್ತಿ. ಏಳಕ್ಕೆ ಬಫೆಗೆ ಹೋದರೆ ಕಿಟಕಿ ಪಕ್ಕದ ಮೇಜು ಸಿಗುತ್ತದೆ, ಒಂಬತ್ತಕ್ಕೆ ಹೋದರೆ ತಟ್ಟೆ ಹಿಡಿದು ಮೇಜು ಹುಡುಕುತ್ತಾ ಸುತ್ತುವುದೇ ಆಗುತ್ತದೆ. ಹಡಗು ಬಂದರಿನಲ್ಲಿ ನಿಂತ ದಿನ ಎಲ್ಲರೂ ಕೆಳಗಿಳಿಯುತ್ತಾರೆ, ಮಕ್ಕಳನ್ನು ವಾಟರ್ ಸ್ಲೈಡ್‌ಗೆ ಕರೆದೊಯ್ಯಬೇಕಾದದ್ದು ಆಗ. ನಾಸೋವನ್ನು ಒಮ್ಮೆ ನೋಡಿದವರು ಎರಡನೆಯ ಸಲ ಇಳಿಯದಿದ್ದರೆ ಏನೂ ನಷ್ಟವಿಲ್ಲ, ಇದು ನನ್ನ ಅಭಿಪ್ರಾಯ. ದೊಡ್ಡವರಿಗೆ ಮಾತ್ರ ಮೀಸಲಾದ ಜಾಗಗಳಿರುತ್ತವೆ. ರಾಯಲ್ ಕೆರಿಬಿಯನ್‌ನಲ್ಲಿ ಸೊಲೇರಿಯಂ, ಕಾರ್ನಿವಲ್‌ನಲ್ಲಿ ಸೆರೆನಿಟಿ. ಅಪ್ಪ ಪೇಪರ್ ಓದುವುದಕ್ಕೆ ಅದೇ ಸರಿ.

ಷೋಗಳು, ಊಟದ ಸಮಯ ಇವನ್ನೆಲ್ಲ ಆ್ಯಪ್‌ನಲ್ಲಿ ಮೊದಲೇ ಕಾಯ್ದಿರಿಸಿ. ಹಡಗು ಹತ್ತಿದ ದಿನವೇ ಕಿಡ್ಸ್ ಕ್ಲಬ್‌ಗೆ ಹೆಸರು ಬರೆಸಿ. ಮೂರು ವರ್ಷ ದಾಟಿದವರಿಗೆ ಹಗಲಲ್ಲಿ ಉಚಿತ. ಡಯಾಪರ್ ಹಾಕಿರುವ ಮಗುವನ್ನು, ಅದು ಸ್ವಿಮ್ ಡಯಾಪರ್ ಆದರೂ, ದೊಡ್ಡ ಪೂಲ್‌ಗೆ ಬಿಡುವುದಿಲ್ಲ. ಇದು ಆರೋಗ್ಯ ನಿಯಮ, ವಾದ ಮಾಡಿ ಪ್ರಯೋಜನವಿಲ್ಲ.

ಊಟದ ಬಗ್ಗೆ ನಿಮ್ಮ ಅಮ್ಮನಿಗೆ ಚಿಂತೆ ಬೇಡ ಅಂತ ಹೇಳಿ, ಆದರೆ ಪೂರ್ತಿ ನಿಶ್ಚಿಂತೆಯೂ ಬೇಡ. ಅಡುಗೆಮನೆಯಲ್ಲೂ ಡೈನಿಂಗ್ ರೂಮಿನಲ್ಲೂ ಭಾರತೀಯರು ಬಹಳ. ಎದೆಯ ಮೇಲಿನ ಬ್ಯಾಡ್ಜ್‌ನಲ್ಲಿ ಹೆಸರಿನ ಜೊತೆ ದೇಶವೂ ಇರುತ್ತದೆ. ಗೋವಾ, ಕೇರಳದವರ ಜೊತೆ ನಮ್ಮ ಮಂಗಳೂರು ಉಡುಪಿ ಕಡೆಯವರೂ ಸಿಗುತ್ತಾರೆ. ನಮ್ಮ ಹೆಡ್ ವೇಟರ್ ಕುಂದಾಪುರದವರು ಅಂತ ಗೊತ್ತಾದ ಮೇಲೆ ನಮ್ಮ ಅತ್ತೆ ಮೆನು ಕಾರ್ಡ್ ಮುಟ್ಟಲೇ ಇಲ್ಲ. ಮೊದಲ ರಾತ್ರಿಯೇ ಮೈನ್ ಡೈನಿಂಗ್ ರೂಮಿನಲ್ಲಿ ಹೆಡ್ ವೇಟರನ್ನು ಕರೆದು, ನಾಳೆಯಿಂದ ಇಂಡಿಯನ್ ವೆಜಿಟೇರಿಯನ್ ಬೇಕು, ಮೊಟ್ಟೆಯೂ ಆಗುವುದಿಲ್ಲ ಎಂದು ಬಿಡಿಸಿ ಹೇಳಿ. ಅವರ ವೆಜಿಟೇರಿಯನ್‌ನಲ್ಲಿ ಮೊಟ್ಟೆ ಸೇರಿರುತ್ತದೆ, ತರಕಾರಿ ಸೂಪ್‌ನಲ್ಲಿ ಚಿಕನ್ ಸ್ಟಾಕ್ ಇದ್ದರೂ ಆಶ್ಚರ್ಯವಿಲ್ಲ. ಒಂದು ದಿನ ಮೊದಲು ಹೇಳಿದರೆ ದಾಲ್, ಪಲ್ಯ, ಪನ್ನೀರ್, ಅನ್ನ, ಚಪಾತಿಯೋ ನಾನ್‌ನೋ ಮಾಡಿಕೊಡುತ್ತಾರೆ. ಸಾರು, ಹುಳಿ ಎಲ್ಲ ನಿರೀಕ್ಷಿಸಬೇಡಿ. ಬೆಳಗಿನ ಬಫೆಯಲ್ಲಿ ಸಪ್ಪೆ ಮೊಸರು ಇರುತ್ತದೆ, ಅನ್ನ ಕೇಳಿದರೆ ಸಿಗುತ್ತದೆ. ಸೀಲ್ ಆಗಿರುವ ಉಪ್ಪಿನಕಾಯಿ ಪ್ಯಾಕೆಟ್, ಚಟ್ನಿಪುಡಿ ನಿಮ್ಮ ಬ್ಯಾಗಿನಲ್ಲಿದ್ದರೆ ಮೊಸರನ್ನಕ್ಕೆ ಅಡ್ಡಿಯಿಲ್ಲ. ರೈಸ್ ಕುಕ್ಕರ್, ಎಲೆಕ್ಟ್ರಿಕ್ ಕೆಟಲ್ ಮಾತ್ರ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಸ್ಕ್ಯಾನರ್‌ನಲ್ಲೇ ತೆಗೆದಿಡುತ್ತಾರೆ. ಒಂದು ಪ್ಲಾಸ್ಟಿಕ್ ಚೊಂಬು ಒಯ್ಯಿರಿ. ಯಾಕೆ ಅಂತ ಬಾತ್‌ರೂಮ್ ನೋಡಿದ ತಕ್ಷಣ ತಿಳಿಯುತ್ತದೆ.

2027ರ ಯುಗಾದಿ ಏಪ್ರಿಲ್ 7ಕ್ಕೆ. ನಿಮ್ಮ ರಜೆ ಅದೇ ವಾರ ಬಿದ್ದು ಹಬ್ಬ ಹಡಗಿನಲ್ಲೇ ಆದರೆ ಬೆಲ್ಲ ಒಯ್ಯಿರಿ, ಹಸಿ ಬೇವಿನ ಸೊಪ್ಪು ಬೇಡ. ಗಿಡ, ಸೊಪ್ಪು, ಹಣ್ಣು ಇವುಗಳಿಗೆ ವಾಪಸ್ ಬರುವಾಗ ತಕರಾರು ಖಂಡಿತ.

ದುಡ್ಡು: ಟಿಕೆಟ್ ದರ ನೋಡಿ ಗಾಬರಿಯಾಗಬೇಡಿ, ಅದೇ ಹಡಗು ಜನವರಿ ಕೊನೆಯಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂದು ನೋಡಿದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಬೇಗ ಬುಕ್ ಮಾಡಿ, ಪೂರ್ತಿ ಹಣ ಕಟ್ಟುವ ಗಡುವಿನವರೆಗೆ ದರ ನೋಡುತ್ತಿರಿ. ಇಳಿದರೆ ಫೋನ್ ಮಾಡಿ ಹೊಸ ದರ ಹಾಕಿಸಿಕೊಳ್ಳಬಹುದು. ಟಿಪ್ಸ್ ಅಂತ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಬೇರೆ, ಮಕ್ಕಳಿಗೂ ಸೇರಿ. ಆರು ಜನ ಏಳು ದಿನ ಅಂದರೆ ನೀವೇ ಗುಣಿಸಿ. ಡ್ರಿಂಕ್ಸ್ ಪ್ಯಾಕೇಜ್ ಬೇಕಿದ್ದರೆ ಒಂದು ಸೂಕ್ಷ್ಮ: ಒಂದು ಕ್ಯಾಬಿನ್‌ನಲ್ಲಿ ಒಬ್ಬರು ತೆಗೆದುಕೊಂಡರೆ ಅಲ್ಲಿರುವ ಉಳಿದ ದೊಡ್ಡವರೂ ತೆಗೆದುಕೊಳ್ಳಬೇಕು ಅನ್ನುತ್ತಾರೆ. ಅಮ್ಮನ ಹೆಸರನ್ನು ಯಾವ ಕ್ಯಾಬಿನ್‌ಗೆ ಹಾಕುತ್ತೀರಿ ಯೋಚಿಸಿ. ಹಡಗು ಹತ್ತಿದ ಕೂಡಲೇ ಎಲ್ಲರ ಫೋನ್ ಏರ್‌ಪ್ಲೇನ್ ಮೋಡ್‌ಗೆ. ಹಡಗಿನ ಮೊಬೈಲ್ ಟವರ್‌ಗೆ ಅದು ಅಂಟಿಕೊಂಡರೆ ರೋಮಿಂಗ್ ಬಿಲ್ಲು ಕ್ರೂಸಿನಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ಗಡಿಯಾರದ ವಿಷಯ ಈ ಸೀಸನ್‌ನಲ್ಲೇ ಜನರನ್ನು ಕೆಡಿಸುವುದು. ಮಾರ್ಚ್ ಎರಡನೇ ಭಾನುವಾರ ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಕೊಸುಮೆಲ್ ಇಡುವುದಿಲ್ಲ. ಫ್ಲೋರಿಡಾದಿಂದ ಹೋದ ಹಡಗು ಸಾಮಾನ್ಯವಾಗಿ ತನ್ನ ಸಮಯದಲ್ಲೇ ಇರುತ್ತದೆ. ನಿಮ್ಮ ಫೋನ್ ದಡದ ಸಿಗ್ನಲ್ ಹಿಡಿದು ಮೂರು ಗಂಟೆ ಅಂತ ತೋರಿಸುವಾಗ ಹಡಗಿನಲ್ಲಿ ನಾಲ್ಕಾಗಿರುತ್ತದೆ. ಹಡಗು ಯಾರಿಗೂ ಕಾಯುವುದಿಲ್ಲ. ಅಪ್ಪನ ಕೈಯಲ್ಲಿ ಹಳೇ ಎಚ್‌ಎಂಟಿ ಇದ್ದರೆ ಹಡಗಿನ ಸಮಯ ಇಟ್ಟು ಅವರಿಗೇ ಜವಾಬ್ದಾರಿ ಕೊಡಿ.

ಹವೆ ಚೆನ್ನಾಗಿರುತ್ತದೆ, ಕೆರಿಬಿಯನ್‌ನಲ್ಲಿ ಅದು ಒಣ ಕಾಲ. ಆದರೆ ಮಾರ್ಚ್‌ನಲ್ಲಿ ಉತ್ತರದಿಂದ ತಣ್ಣನೆಯ ಗಾಳಿ ಇಳಿಯುವುದುಂಟು. ಮೊದಲ ದಿನ ಡೆಕ್ ಮೇಲೆ ಸ್ವೆಟರ್ ಬೇಕಾಗಬಹುದು, ಬಹಾಮಾಸ್ ನೀರು ಮಕ್ಕಳಿಗೂ ತಣ್ಣಗನ್ನಿಸುತ್ತದೆ, ಗಾಳಿ ಹೆಚ್ಚಾದರೆ ಕಂಪನಿಯ ಖಾಸಗಿ ದ್ವೀಪದಲ್ಲಿ ನಿಲ್ಲಿಸದೆ ಮುಂದೆ ಹೋಗುತ್ತಾರೆ. ತಲೆ ಸುತ್ತುವವರಿಗೆ ಹಡಗಿನ ಮಧ್ಯದ, ಕೆಳಗಿನ ಡೆಕ್‌ನ ಕ್ಯಾಬಿನ್ ಒಳ್ಳೆಯದು. ವಾಂತಿಭೇದಿಯ ನೊರೊವೈರಸ್‌ಗೆ ಬಾಗಿಲಲ್ಲಿಟ್ಟಿರುವ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ಹಾಕಿ ಕೈ ತೊಳೆಸಿ.

ಹೊರಡುವ ಮೊದಲು ಸುರಕ್ಷತೆಯ ಡ್ರಿಲ್ ಇರುತ್ತದೆ, ತಪ್ಪಿಸಿಕೊಳ್ಳುವಂತಿಲ್ಲ. 2012ರಲ್ಲಿ ಇಟಲಿ ಹತ್ತಿರ ಕೋಸ್ಟಾ ಕಾನ್‌ಕಾರ್ಡಿಯಾ ಮುಗುಚಿದಾಗ ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಆಗಬೇಕು ಎಂಬ ನಿಯಮ ಬಂದದ್ದು ಅದರ ನಂತರ.

ಅಟ್ಲಾಂಟಾದಿಂದ ಪೋರ್ಟ್ ಕ್ಯಾನವೆರಲ್ ಏಳೆಂಟು ಗಂಟೆಯ ಡ್ರೈವ್, ರಜೆಯ ಟ್ರಾಫಿಕ್‌ನಲ್ಲಿ ಇನ್ನೂ ಹೆಚ್ಚು. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ, ಹೋಟೆಲನ್ನೂ ಪಾರ್ಕಿಂಗನ್ನೂ ಹಡಗಿನ ಜೊತೆಗೇ ಬುಕ್ ಮಾಡಿ. ವಿಮಾನದಲ್ಲಿ ಹೋಗುವುದಾದರೆ ವಾಪಸ್ ಟಿಕೆಟ್ ಮಧ್ಯಾಹ್ನ ಹನ್ನೆರಡರ ಮೇಲಿನದನ್ನೇ ತೆಗೆದುಕೊಳ್ಳಿ, ತುಂಬಿದ ಹಡಗು ಖಾಲಿಯಾಗುವುದಕ್ಕೆ ಅಷ್ಟು ಹೊತ್ತು ಬೇಕು. ನಿಮ್ಮ ಮನೆಯವರ ವೀಸಾ ಯಾವುದು ಅಂತ ನೀವು ಬರೆದಿಲ್ಲ. ಎಚ್-4 (ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾ) ಆದರೆ ಮೇಲೆ ಎಚ್-1ಬಿಗೆ ಹೇಳಿದ್ದೇ ಅವರಿಗೂ, ವಕೀಲರ ಹತ್ತಿರ ಇಬ್ಬರದೂ ಒಟ್ಟಿಗೆ ಕೇಳಿಬಿಡಿ.